ರೂಟ್ ಕೆನಾಲ್ ಆದಮೇಲೆ ವಸಡು, ಕೆನ್ನೆ ಉರಿ: ಹಚ್ಚುವ ಔಷಧಿ ಕೆಲಸ ಮಾಡುತ್ತದೆಯೇ?

ರೂಟ್ ಕೆನಾಲ್ ಆಗಿ ವರ್ಷ ಕಳೆದರೂ ಮೇಲಿನ ವಸಡು ಉರಿಯುತ್ತದೆ, ಕೆನ್ನೆಗೆ ಗಾಳಿ ತಾಕಿದರೂ ಚುಚ್ಚುತ್ತದೆ, ಎಕ್ಸ್‌ರೇಯಲ್ಲಿ ಏನೂ ಕಾಣುತ್ತಿಲ್ಲ, ಮಾತ್ರೆ ತಗೊಂಡರೆ ತೂಕಡಿಕೆ ಅಂದಿದ್ದೀರಿ. ಹಚ್ಚುವ ಔಷಧಿಗಳಿವೆ. ಆದರೆ ನೋವು ಆ ಜಾಗದ ನರತುದಿಯಲ್ಲೇ ಹುಟ್ಟುತ್ತಿದ್ದರೆ ಮಾತ್ರ ಅವುಗಳಿಂದ ಉಪಯೋಗ. ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಿ.

ದಂತವೈದ್ಯರ ಕುರ್ಚಿಯಲ್ಲೇ ಆಗುವ ಪರೀಕ್ಷೆ ಇದು. ನೋವಿಗೆ 0ರಿಂದ 10ರೊಳಗೆ ಒಂದು ಅಂಕ ಕೊಡಿ. ವಸಡನ್ನು ಗಾಜ್ ಬಟ್ಟೆಯಿಂದ ಒರೆಸಿ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ, ಕೆಲವು ನಿಮಿಷ ಬಿಟ್ಟು ಮತ್ತೆ ಅಂಕ ಕೊಡಿ. ಚೆನ್ನಾಗಿ ಇಳಿದರೆ ಮುಂದುವರಿಯಲು ಅರ್ಥವಿದೆ. ವಸಡು ಪೂರ್ತಿ ಮರಗಟ್ಟಿದರೂ ನೋವು ಹಾಗೇ ಇದ್ದರೆ ಮೂಲ ಇನ್ನೂ ಒಳಗಿದೆ. ಆಗ ಮುಲಾಮಿನ ಹಿಂದೆ ಬೀಳಬೇಡಿ, ಮಾತ್ರೆಯ ಪ್ರಮಾಣ, ಹೊತ್ತು ಬದಲಿಸುವ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ಬಾಯೊಳಗೆ ಔಷಧಿಗಿಂತ ದೊಡ್ಡ ತಲೆನೋವು ಜೊಲ್ಲು. ಹಚ್ಚಿದ್ದು ನಿಮಿಷಗಳಲ್ಲಿ ತೊಳೆದುಹೋಗುತ್ತದೆ, ಬಹಳ ಜನ 'ಕೆಲಸ ಮಾಡಲಿಲ್ಲ' ಅನ್ನುವುದು ಇದರಿಂದಲೇ. ಪರಿಹಾರ: ಹಲ್ಲಿನ ಅಚ್ಚು ತೆಗೆದು, ಆ ವಸಡನ್ನಷ್ಟೇ ಮುಚ್ಚುವ ತೆಳು ಅಕ್ರಿಲಿಕ್ ತಟ್ಟೆ ಮಾಡಿಸುವುದು. ಅದರ ಒಳಮೈಗೆ ಲಿಡೋಕೇನ್ (ಮರಗಟ್ಟಿಸುವ ಔಷಧಿ) 5% ಮುಲಾಮು ತೆಳ್ಳಗೆ ಸವರಿ ಕೂರಿಸಿಕೊಂಡರೆ ಔಷಧಿ ಜಾಗ ಬಿಟ್ಟು ಕದಲುವುದಿಲ್ಲ. ತಟ್ಟೆಯ ಅಂಚು ಉಜ್ಜಿದರೆ ಅದೇ ಹೊಸ ಹುಣ್ಣಾಗುತ್ತದೆ, ತಿಕ್ಕಿಸಿ ನುಣುಪು ಮಾಡಿಸಿಕೊಳ್ಳಿ. ಹಚ್ಚಿದ ಮೇಲೆ ಒಂದು ಗಂಟೆ ಏನೂ ತಿನ್ನಬೇಡಿ: ಮರಗಟ್ಟಿದ ಕೆನ್ನೆಯನ್ನು ಕಚ್ಚಿಕೊಳ್ಳುತ್ತೀರಿ, ಗಂಟಲಿಗೆ ಇಳಿದಿದ್ದರೆ ತುತ್ತು ನೆತ್ತಿಗೂ ಹತ್ತಬಹುದು. ಮರಗಟ್ಟಿಸುವ ಇನ್ನೊಂದು ಔಷಧಿಯಾದ ಬೆಂಜೋಕೇನ್ ಜೆಲ್ ಬಳಸಿದಾಗ ತುಟಿ ನೀಲಿಗಟ್ಟಿ ಉಸಿರು ಕಟ್ಟಿದಂತಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಅಪರೂಪ, ಆದರೆ ರಕ್ತ ಆಮ್ಲಜನಕ ಸಾಗಿಸಲಾಗದ ಸ್ಥಿತಿ ಅದು. ಲವಂಗದ ಎಣ್ಣೆ ಬೇಡವೇ ಬೇಡ, ಉರಿಯುವ ವಸಡನ್ನು ಇನ್ನಷ್ಟು ಸುಡುತ್ತದೆ.

ಕೆನ್ನೆಯ ಚರ್ಮಕ್ಕೆ ನನ್ನ ಮೊದಲ ಆಯ್ಕೆ ಲಿಡೋಕೇನ್ 5% ಪ್ಯಾಚ್, ಅಂದರೆ ಅಂಟಿಸುವ ಔಷಧಿ ಪಟ್ಟಿ. ಹಿಂದಿನ ಹಾಳೆ ಕೀಳುವ ಮೊದಲೇ ಬೇಕಾದ ಆಕಾರಕ್ಕೆ ಕತ್ತರಿಸಿ. 24 ಗಂಟೆಯಲ್ಲಿ 12 ಗಂಟೆ ಮಾತ್ರ ಇಡಬೇಕು, ದಿಂಬು ತಾಕಿದರೆ ನೋವಾಗುವವರಿಗೆ ರಾತ್ರಿಯೇ ಸರಿ. ಗಡ್ಡವಿದ್ದರೆ ಕತ್ತರಿಯಿಂದ ಕತ್ತರಿಸಿ, ಆ ಹೊತ್ತಿಗೆ ಬ್ಲೇಡ್ ಹಾಕಬೇಡಿ: ಗೀರಿದ ಚರ್ಮ ಔಷಧಿಯನ್ನು ಹೆಚ್ಚು ಹೀರುತ್ತದೆ. ಮೇಲೆ ಬಿಸಿ ಶಾಖವೂ ಬೇಡ. ಕಣ್ಣಿನ ಹತ್ತಿರ, ತುಟಿಗೆ, ಬಾಯೊಳಗೆ ಅಂಟಿಸುವಂತಿಲ್ಲ.

ಇನ್ನೊಂದು ಕ್ಯಾಪ್ಸೈಸಿನ್, ಮೆಣಸಿನಕಾಯಿಯ ಖಾರದ ಸತ್ವ. ಚರ್ಮಕ್ಕೆ 0.025% ಕ್ರೀಮ್, ದಿನಕ್ಕೆ 3–4 ಸಲ. ಮೊದಮೊದಲು ಉರಿ ಹೆಚ್ಚುತ್ತದೆ. ಬಿಡದೆ ಹಚ್ಚಿದರೆ ನರತುದಿ ಕೆಲವು ವಾರಗಳಲ್ಲಿ ಮಂಕಾಗುತ್ತದೆ. ನೆನಪಾದಾಗಷ್ಟೇ ಹಚ್ಚಿದರೆ ಬರೀ ಉರಿಯೇ ಲಾಭ. ಕೈ ತೊಳೆಯದೆ ಕಣ್ಣು ಮುಟ್ಟಿದರೆ ಆ ದಿನ ಮುಗಿದಂತೆ. ಕ್ಯಾಪ್ಸೈಸಿನ್‌ನ 8% ಪ್ಯಾಚ್ ಮುಖಕ್ಕಲ್ಲ.

ನಾಲಿಗೆಯೆಲ್ಲ ಉರಿಯುವವರ ದಾರಿ ಬೇರೆ: ಕ್ಲೋನಾಜೆಪಾಮ್ 1 ಮಿ.ಗ್ರಾಂ ಮಾತ್ರೆಯನ್ನು 3 ನಿಮಿಷ ಚೀಪಿ, ಜೊಲ್ಲನ್ನು ನುಂಗದೆ ಉರಿಯುವಲ್ಲಿ ನಿಲ್ಲಿಸಿ, ಉಗುಳುವುದು. ದಿನಕ್ಕೆ ಮೂರು ಸಲ, ಎರಡು ವಾರ ಪರೀಕ್ಷಿಸಿದ ವಿಧಾನವಿದು. ಉಗುಳಿದರೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ, ಅಭ್ಯಾಸವೂ ಆಗಬಹುದು, ವೈದ್ಯರ ಚೀಟಿಯಿಲ್ಲದೆ ಬೇಡ.

ನೋವು ಕ್ಷಣಮಾತ್ರ ಕರೆಂಟ್ ಹೊಡೆದಂತೆ ಬಂದು ಹೋಗುವುದಾದರೆ ಅದು ಟ್ರೈಜೆಮಿನಲ್ ನ್ಯೂರಾಲ್ಜಿಯಾ (ಮುಖದ ನರದ ನೋವು) ಇರಬಹುದು. ಅದಕ್ಕೆ ಮೊದಲು ಕಾರ್ಬಮಜೆಪಿನ್ ಮಾತ್ರೆ, ಮುಲಾಮಲ್ಲ. ಮುಖ ಮರಗಟ್ಟುತ್ತಾ ಹೋದರೆ, ಎರಡೂ ಕಡೆ ನೋವು ಶುರುವಾದರೆ ಎಂಆರ್‌ಐ ಬಗ್ಗೆ ನರರೋಗ ತಜ್ಞರನ್ನು ಕೇಳಿ. ಮತ್ತೆ, ಯಾರಾದರೂ ಪಕ್ಕದ ಹಲ್ಲನ್ನೂ ಕಿತ್ತುಬಿಡೋಣ ಅಂದರೆ, ಮೇಲೆ ಹೇಳಿದ ಪರೀಕ್ಷೆ ಆಗುವವರೆಗೆ ಒಪ್ಪಬೇಡಿ. ಒಂದೊಂದು ಹಲ್ಲು ಕಿತ್ತಾಗಲೂ ಇನ್ನೊಂದು ನರ ತುಂಡಾಗುತ್ತದೆ, ನೋವು ಮುಂದಿನ ಹಲ್ಲಿಗೆ ಸರಿಯಬಹುದು.