ಅಪ್ಪನ ಸಿಪ್ಯಾಪ್ ಮೆಷಿನ್, ಇನ್ಸುಲಿನ್ ಚೆಕ್-ಇನ್ ಸೂಟ್‌ಕೇಸಿಗೆ ಹಾಕಬಹುದಾ?

ದಯವಿಟ್ಟು ಹಾಕ್ಬೇಡಿ. ಅಪ್ಪ ಬೆಂಗಳೂರಿಂದ ಶಿಕಾಗೋಗೆ ಹೊರಟಿದ್ದಾರೆ, ಕೈಯಲ್ಲಿ ಭಾರ ಬೇಡ ಅಂತ ಸಿಪ್ಯಾಪ್ (ನಿದ್ದೇಲಿ ಉಸಿರು ಕಟ್ಟದ ಹಾಗೆ ಮಾಸ್ಕ್ ಮೂಲಕ ಗಾಳಿ ಕೊಡೋ ಮೆಷಿನ್), ಇನ್ಸುಲಿನ್ ಎರಡನ್ನೂ ಸೂಟ್‌ಕೇಸಿಗೆ ತುಂಬಿ ಫ್ರ್ಯಾಜೈಲ್ ಸ್ಟಿಕರ್ ಅಂಟಿಸಿದ್ರೆ ಸಾಕಾ ಅಂತ ಕೇಳಿದ್ದೀರ. ಮೆಷಿನ್ ಒಡೆಯೋದಕ್ಕಿಂತ ನಂಗೆ ಜಾಸ್ತಿ ಭಯ ಇರೋದು ಸೂಟ್‌ಕೇಸ್ ಕನೆಕ್ಷನ್ ತಪ್ಪಿಸ್ಕೊಂಡು ಹಿಂದೆ ಉಳಿಯೋದಕ್ಕೆ, ಬಟ್ಟೆ ಎರಡು ದಿನ ಲೇಟಾದ್ರೆ ನಡೆಯುತ್ತೆ, ಆದ್ರೆ ಅಪ್ಪ ಆ ಮೊದಲನೇ ರಾತ್ರಿ ಮಲಗೋದು ಹೇಗೆ?

ಇನ್ಸುಲಿನ್ ಕಥೆನೇ ಬೇರೆ. ವಿಮಾನದ ಕೆಳಗೆ ಸೂಟ್‌ಕೇಸ್ ಇಡೋ ಹೋಲ್ಡಲ್ಲಿ ಟೆಂಪರೇಚರ್ ಎಷ್ಟಕ್ಕೆ ಇಳಿಯುತ್ತೋ ನಮ್ಮ ಕೈಲಿಲ್ಲ, ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಬಾರದು, ನೋಡೋಕೆ ಸರಿಯಾಗೇ ಕಾಣಬಹುದು, ಅದೇ ಅಪಾಯ. ಕ್ಯಾಬಿನ್‌ಗೆ ತಗೊಂಡು ಹೋಗುವಾಗ್ಲೂ ಐಸ್ ಪ್ಯಾಕ್ ನೇರವಾಗಿ ಇನ್ಸುಲಿನ್ ಪೆನ್‌ಗೆ ತಾಗದ ಹಾಗೆ ಬಟ್ಟೆ ಸುತ್ತಿ. ಡಾಕ್ಟರ್ ಚೀಟಿ ಜೊತೆಗೇ ಇರಲಿ. ಔಷಧಿ ದ್ರವಕ್ಕೆ 100 ಎಂಎಲ್ ಮಿತಿಯಿಂದ ವಿನಾಯಿತಿ ಇದೆ, ಆದ್ರೆ ಸೆಕ್ಯೂರಿಟಿಯವರಿಗೆ ಮೊದಲೇ ಹೇಳ್ಬೇಕು.

ನಮ್ಮಮ್ಮನೂ ಸಿಪ್ಯಾಪ್ ಹಿಡ್ಕೊಂಡೇ ಓಡಾಡೋದು. ಸ್ಕ್ಯಾನಿಂಗಲ್ಲಿ ಮೆಷಿನ್ ಆಚೆ ತೆಗಿಸಿ ಟ್ರೇಲಿ ಇಡಿಸ್ತಾರೆ, ಎಷ್ಟೋ ಸಲ ಸ್ಫೋಟಕದ ಅಂಶ ಇದೆಯಾ ಅಂತ ಬಟ್ಟೆ ತುಂಡಲ್ಲಿ ಒರೆಸಿ ಟೆಸ್ಟ್ ಮಾಡ್ತಾರೆ, ಎಲ್ಲರ ಚಪ್ಪಲಿ ಇಟ್ಟಿರೋ ಟ್ರೇ ಅದು, ಹಾಗಾಗಿ ಮಾಸ್ಕ್‌ನೂ ಮೆಷಿನ್ನೂ ಪಾರದರ್ಶಕ ಪ್ಲಾಸ್ಟಿಕ್ ಕವರಲ್ಲಿ ಹಾಕ್ಬಿಡಿ. ನೀರಿನ ಚೇಂಬರ್ ಪೂರ್ತಿ ಖಾಲಿ ಮಾಡಿ ಒಣಗಿಸಿ, ಒಂದು ಚೂರು ನೀರಿದ್ರೂ ಮೋಟರ್ ಕಡೆ ಹೋಗಬಹುದು. ಅಮೆರಿಕಕ್ಕೆ ಹೋಗೋ ಫ್ಲೈಟಲ್ಲಿ ಸಿಪ್ಯಾಪ್ ಬ್ಯಾಗ್‌ನ ಹ್ಯಾಂಡ್ ಬ್ಯಾಗೇಜ್ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ, ಅಲ್ಲಿನ ರೂಲೇ ಹಾಗಿದೆ, ಆದ್ರೆ ಅದೇ ಬ್ಯಾಗಿಗೆ ಚಕ್ಲಿ, ಚಟ್ನಿಪುಡಿ ತುರುಕಬೇಡಿ, ಆಗ ಗ್ಯಾರಂಟಿ ತಕರಾರು ಬರುತ್ತೆ.

ಸ್ಪೇರ್ ಲಿಥಿಯಂ ಬ್ಯಾಟರಿ ಇದ್ರೆ ಅದು ಚೆಕ್-ಇನ್‌ಗೆ ಹೋಗೋ ಹಾಗೇ ಇಲ್ಲ, 100 ವಾಟ್-ಅವರ್ ದಾಟಿದ್ರೆ ಏರ್‌ಲೈನ್ ಒಪ್ಪಿಗೆ ಬೇಕು.

ಇದೊಂದು ಅಪ್ಪಂಗೆ ಬಾಯಿಪಾಠ ಮಾಡಿಸಿ: ಮೇಲ್ಗಡೆ ಜಾಗ ಇಲ್ಲ ಅಂತ ಗೇಟ್ ಹತ್ರ ಬ್ಯಾಗ್ ಕಿತ್ಕೊಂಡು ಕೆಳಗೆ ಹಾಕೋಕೆ ಬರ್ತಾರೆ, ಪಾಪ ವಯಸ್ಸಾದವ್ರು ಸುಮ್ನೆ ಕೊಟ್ಬಿಡ್ತಾರೆ. "ಮೆಡಿಕಲ್ ಡಿವೈಸ್, ಇನ್ಸುಲಿನ್" ಅಂತ ಗಟ್ಟಿಯಾಗಿ ಹೇಳ್ಬೇಕು. ವೀಲ್‌ಚೇರ್ ಬುಕ್ ಮಾಡಿದ್ರೆ ಭಾರದ ಚಿಂತೆನೂ ಇಲ್ಲ, ಬ್ಯಾಗ್ ತೊಡೆ ಮೇಲೇ ಇಟ್ಕೋಬಹುದು.