ಮೆಟ್ರೊನಿಡಜೋಲ್ ಕೈಕೊಟ್ಟಿದ್ದಲ್ಲ, ಜಾರ್ ನೋಡಿ

ಹೊಸ ಔಷಧಿಗೆ ಹೋಲಿಕೆಯಾಗಿ ಇಟ್ಟ ಆಂಟಿಬಯಾಟಿಕ್ ಮೆಟ್ರೊನಿಡಜೋಲ್‌ನ ಎಂಐಸಿ (ಬ್ಯಾಕ್ಟೀರಿಯಾ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ), ನಿಮ್ಮ ಮಡಿಕೇರಿ ಲ್ಯಾಬಿನಲ್ಲಿ ಮಳೆ ಶುರುವಾದಾಗಿನಿಂದ ಎಲ್ಲ ಬ್ಯಾಕ್ಟೀರಾಯ್ಡಿಸ್‌ಗೂ (ಆಮ್ಲಜನಕವಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಾ) ಮಿಲಿಲೀಟರಿಗೆ 32 ಮೈಕ್ರೊಗ್ರಾಂ ಬರ್ತಿದೆ, ಇದು ನಿರೋಧಕತೆಯೇ ಅಂತ ಕೇಳಿದ್ದೀರಿ. ಎಲ್ಲಕ್ಕೂ ಒಟ್ಟಿಗೇ ಅಂದರೆ ಮೊದಲು ಅವನ್ನು ಆಮ್ಲಜನಕವಿಲ್ಲದೆ ಬೆಳೆಸುವ ಜಾರನ್ನೇ ಅನುಮಾನಿಸಿ. ಆಮ್ಲಜನಕ ಉಳಿದಿದ್ದರೆ ಈ ಔಷಧಿ ಕೋಶದೊಳಗೆ ಸಕ್ರಿಯವಾಗುವುದಿಲ್ಲ.

ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಕಂಟ್ರೋಲ್ ತಳಿ ಎಟಿಸಿಸಿ 25285 ಎಷ್ಟು ತೋರಿಸಿತು? ಔಷಧಿ ಬೆರೆಸಿದ ಅಗರ್ ಮೇಲೆ ಬೆಳೆಸಿ ನೋಡುವ ಅಗರ್ ಡೈಲ್ಯೂಷನ್‌ನಲ್ಲಿ ಅದು ಮಿಲಿಲೀಟರಿಗೆ 0.25ರಿಂದ 1 ಮೈಕ್ರೊಗ್ರಾಂ ಒಳಗಿರಬೇಕು. ಅದೂ ಏರಿದ್ದರೆ ಆ ಸಲದ ಹೊಸ ಔಷಧಿಯ ಅಂಕಿಗಳನ್ನೂ ಕೈಬಿಡಿ.

ಕೊಡಗಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಜಾರಿನ ಆಮ್ಲಜನಕ ತೆಗೆಯುವ ಪಲ್ಲಾಡಿಯಂ ಗುಳಿಗೆ ಒಣಗೀತೇ? ಜಾರಿನೊಳಗೇ ಹೈಡ್ರೋಜನ್-ಆಮ್ಲಜನಕ ಸೇರಿ ನೀರಾಗುತ್ತದೆ, ಒದ್ದೆಯಾದ ಗುಳಿಗೆ ಸತ್ತಂತೆ. ಪ್ರತಿ ಬಳಕೆಯ ನಂತರ ಹಾಟ್ ಏರ್ ಓವನ್‌ನಲ್ಲಿ 160 ಡಿಗ್ರಿಗೆ 2 ಗಂಟೆ ಒಣಗಿಸಿ. ಮುಚ್ಚಳದ ರಬ್ಬರ್ ಉಂಗುರವನ್ನೂ ಬೆರಳಾಡಿಸಿ ನೋಡಿ. ಆಮ್ಲಜನಕ ಹೋದರೆ ಬಣ್ಣ ಕಳೆದುಕೊಳ್ಳುವ ಮೆಥಿಲೀನ್ ಬ್ಲೂ ಪಟ್ಟಿ ನೀಲಿಯಾಗೇ ಉಳಿದಿದ್ದರೆ ಫಲಿತಾಂಶ ಓದಲೇಬೇಡಿ. ಓದುವುದು 42–48 ಗಂಟೆಗೆ. ಮಧ್ಯೆ ಇಣುಕುವ ಆಸೆ ಬೇಡ.