ಹೊಳೆಯಿಲ್ಲದ ಊರಿನಲ್ಲಿ ಇಷ್ಟೊಂದು ಗುಡಿ ಯಾಕೆ?

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗದಗಿನ ಹತ್ತಿರದ ಲಕ್ಕುಂಡಿಗೆ ಹೋಗಿದ್ದೆ. ಹೊಳೆಯಿಲ್ಲ, ಸುತ್ತ ಬರೀ ಎರೆಹೊಲ. ಇಂಥ ಬಯಲೂರಿನಲ್ಲಿ ಅಷ್ಟು ಗುಡಿ ಎಲ್ಲಿಂದ ಬಂದವು? ಜೈನ ಬಸದಿಯೂ ಶಿವನ ಗುಡಿಯೂ ಒಂದೇ ನಮೂನೆ ಕಾಣುವುದೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೋಡ್ರಿ ಅಕ್ಕಾರ, ಮೂವತ್ತು ವರ್ಷ ಗದಗಿನಲ್ಲಿ ಭೂಗೋಳ ಕಲಿಸಿದವನು ನಾನು. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕಂದರೆ ಅದು ಕಲ್ಲಿನಲ್ಲೇ ಇದೆ.

ಬಾದಾಮಿ, ಐಹೊಳೆಯ ಗುಡಿಗಳು ಮರಳುಗಲ್ಲಿನವು. ನಮ್ಮ ಕಡೆ ನೆಲವೇ ಬೇರೆ. ಕಪ್ಪತಗುಡ್ಡದ ಸಾಲು ಧಾರವಾಡದ ಹೆಸರನ್ನೇ ಹೊತ್ತ ಶಿಲಾಸಮೂಹಕ್ಕೆ ಸೇರಿದ್ದು, 250 ಕೋಟಿ ವರ್ಷಗಳಿಗೂ ಹಳೆಯದು. ಈ ಸೀಮೆಯಲ್ಲಿ ಸಿಗುವ ಬಳಪದ ಕಲ್ಲು ಹಸಿರು ಛಾಯೆಯದು, ಉಗುರಿನಿಂದ ಗೀರಿದರೂ ಗೆರೆ ಮೂಡುವಷ್ಟು ಮೆತ್ತಗೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಇದನ್ನು ಹಿಡಿದ ಮೇಲೆ ಉಳಿಯ ಕೆಲಸವೇ ಬದಲಾಯಿತು. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಹತ್ತಿರ ನಿಂತು ನೋಡಿದರೆ ಬಳ್ಳಿಯ ಒಂದೊಂದು ಸುರುಳಿಯೊಳಗೂ ನೆರಳು ಕೂತಿರುತ್ತದೆ. ಮರಳುಗಲ್ಲಿನಲ್ಲಿ ಅಷ್ಟು ಸಣ್ಣ ಕೆಲಸ ನಿಲ್ಲದು.

ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವೆಂಬ ಬಸದಿ ಕಟ್ಟಿಸಿದ್ದು ಇದೇ ಕಲ್ಲಿನಲ್ಲಿ. ಆಮೇಲಿನ ಶಿವಾಲಯಗಳಿಗೂ ಇದೇ ಕಲ್ಲು, ಇದೇ ಕೈಪಳಗಿದ ಪರಂಪರೆ. ಒಳಗೆ ಕೂತ ದೇವರು ಬೇರೆ, ಹೊರಗಿನ ಗೋಡೆ ಒಂದೇ ಅನಿಸುವುದು ಅದಕ್ಕೇ. ಹತ್ತಿರದ ಡಂಬಳದಲ್ಲಂತೂ 1095ರ ಶಾಸನ ಬೌದ್ಧರ ತಾರಾದೇವಿಯನ್ನು ಸ್ತುತಿಸುತ್ತದೆ. ಅಲ್ಲಿ ವಿಹಾರ ಕಟ್ಟಿಸಿದವರು ಹದಿನಾರು ಮಂದಿ ಸೆಟ್ಟಿಗಳು.

ದುಡ್ಡು? ಅದೂ ಇತ್ತು. ಲೊಕ್ಕಿಗುಂಡಿ ಅಂದರೆ ಲಕ್ಕುಂಡಿಯ ಹಳೆಯ ಹೆಸರು; ಅಲ್ಲಿನ ಟಂಕಸಾಲೆಯಲ್ಲಿ ಅಚ್ಚಾದ ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ದೂರದವರೆಗೆ ಓಡಾಡುತ್ತಿತ್ತು. ಹೊಯ್ಸಳ ವೀರಬಲ್ಲಾಳ 1192ರ ಸುಮಾರಿಗೆ ಬಂದು ಇಲ್ಲೇ ರಾಜಧಾನಿ ಮಾಡಿಕೊಂಡ.

ಇನ್ನು ನೀರು. ಬಡಗಣಕ್ಕೆ ಮಲಪ್ರಭೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ನಾವು ಒಣಗಿದವರು. ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ನದೀತೀರದ ಊರಿಗೆ ಹೊಳೆಯೇ ತೀರ್ಥ. ಇಲ್ಲಿಯವರು ತೀರ್ಥವನ್ನು ಅಗೆದು ತೆಗೆಯಬೇಕಾಯಿತು. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಊರಿನವರ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿ ಮುಸುಕಿನ ಬಾವಿ ಇದೆಯಲ್ಲ, ಮೆಟ್ಟಿಲಿಳಿದಂತೆ ಗೋಡೆಯಲ್ಲಿ ಪುಟ್ಟಪುಟ್ಟ ಗುಡಿಗಳಂಥ ಗೂಡುಗಳು ಸಿಗುತ್ತವೆ. ಒಂದು ಬೇಸಗೆ ನನ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಚಪ್ಪಲಿ ಮೇಲೇ ಬಿಟ್ಟು ಇಳಿದಳು. ಯಾಕೆ ಅಂದೆ. “ಇದು ಗುಡೀನ ಅಲ್ಲೇನ್ರಿ ಸರ್?” ಅಂದಳು. ಆವತ್ತಿನಿಂದ ನಾನೂ ಅಲ್ಲಿ ಚಪ್ಪಲಿ ಬಿಟ್ಟೇ ಇಳಿಯುತ್ತೇನೆ.

ಮುಂದಿನ ಸಲ ಮೊದಲು ಬಾವಿಗೆ ಹೋಗ್ರಿ. ಆಮೇಲೆ ಡಂಬಳಕ್ಕೆ ಹೋಗಿ, ನಕ್ಷತ್ರದ ಆಕಾರದ ದೊಡ್ಡಬಸಪ್ಪನ ಗುಡಿಯ ಮೂಲೆಗಳನ್ನು ಮಕ್ಕಳಿಗೆ ಎಣಿಸಲಿಕ್ಕೆ ಹಚ್ರಿ.